ಗುರುತ್ವಾಕರ್ಷಣೆ: ಭಾಸ್ಕರನ ಶ್ಲೋಕವೂ ಕನ್ನಡದ ಗದ್ಯವೂ

ಭಾಸ್ಕರಾಚಾರ್ಯನ 'ಸಿದ್ಧಾಂತಶಿರೋಮಣಿ'ಯ ಗೋಲಾಧ್ಯಾಯದಲ್ಲಿ, ಭುವನಕೋಶವೆಂಬ ಪ್ರಕರಣದಲ್ಲಿ ಬರುವ ಒಂದು ಶ್ಲೋಕವು ಇಂದು ಓದಲ್ಪಡುವುದಕ್ಕಿಂತ ಹೆಚ್ಚಾಗಿ ಉದ್ಧರಿಸಲ್ಪಡುತ್ತಿದೆ. ನ್ಯೂಟನ್ನನ 'ಪ್ರಿನ್ಸಿಪಿಯಾ' ಪ್ರಕಟವಾದುದು 1687ರಲ್ಲಿ. ಸಿದ್ಧಾಂತಶಿರೋಮಣಿ ರಚಿತವಾದುದು 1150ರಲ್ಲಿ. ನಡುವಣ ಅಂತರ 537 ವರ್ಷ. ಈ ವ್ಯವಕಲನವನ್ನು ಮಾಡಿ ಮುಗಿಸಿದೊಡನೆ ಗುರುತ್ವಾಕರ್ಷಣೆಯ ಚರಿತ್ರೆಯೇ ಮುಗಿಯಿತೆಂದು ಭಾವಿಸುವ ಭಾಷಣಗಳೂ ಲೇಖನಗಳೂ ಕನ್ನಡದಲ್ಲಿ ವಿರಳವಲ್ಲ. ಇವುಗಳಿಗೆ ಉತ್ತರವಾಗಿ, ಭಾಸ್ಕರನು ಹೇಳಿದುದರಲ್ಲಿ ವಿಶೇಷವೇನೂ ಇಲ್ಲ, ಕಲ್ಲು ಕೆಳಗೆ ಬೀಳುತ್ತದೆಂಬುದು ಎಲ್ಲರಿಗೂ ತಿಳಿದ ಮಾತು ಎಂದು ಕೈಕೊಡಹುವ ಪಕ್ಷವೂ ಉಂಟು. ಇಬ್ಬರೂ ಶ್ಲೋಕವನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ.

ಆಚಾರ್ಯನು ಎಲ್ಲಿಯವನೆಂಬ ಪ್ರಶ್ನೆಯೂ ಈ ಅಭಿಮಾನದ ಕಲಹಕ್ಕೆ ಸೇರಿಕೊಂಡಿದೆ. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡವೆಂದು ಆತನೇ ತನ್ನ ಊರನ್ನು ಹೆಸರಿಸಿದ್ದಾನೆ. ಕನ್ನಡಿಗರು ಅದನ್ನು ವಿಜಯಪುರವೆಂದು ತಿಳಿಯುತ್ತಾರೆ. ಆದರೆ ಮುಂಬಯಿಯ ವಿದ್ವಾಂಸ ಡಾ. ಭಾವೂ ದಾಜಿಯವರು 19ನೆಯ ಶತಮಾನದಲ್ಲಿ ಬೆಳಕಿಗೆ ತಂದ ಪಾಟಣದ ಶಾಸನವು—ಇದು ಇಂದಿನ ಜಳಗಾಂವ ಜಿಲ್ಲೆಯ ಚಾಳೀಸಗಾಂವದ ಬಳಿಯದು—ಭಾಸ್ಕರನ ಮೊಮ್ಮಗ ಚಾಂಗದೇವನು ತಾತನ ಗ್ರಂಥಗಳ ಪಾಠಕ್ಕಾಗಿ ಅಲ್ಲಿ ಮಠವೊಂದನ್ನು ನಿಲ್ಲಿಸಿದುದನ್ನು ಹೇಳುತ್ತದೆ. ವಿಜಯಪುರವು ಸಹ್ಯಾದ್ರಿಗೆ ಸಮೀಪವೆನ್ನುವುದೂ ಕಷ್ಟ. ಪಾಟಣದ ಪಕ್ಷವೇ ಬಲವಾಗಿ ತೋರುತ್ತದೆ. ಊರು ಯಾವುದಾದರೂ ಶ್ಲೋಕದ ಅರ್ಥ ಬದಲಾಗುವುದಿಲ್ಲವಾದುದರಿಂದ ಇದನ್ನು ಇಲ್ಲಿಗೇ ಬಿಡಬಹುದು.

ಶ್ಲೋಕದ ತಾತ್ಪರ್ಯವಿಷ್ಟು: ಭೂಮಿಗೆ ಎಳೆಯುವ ಶಕ್ತಿಯುಂಟು; ಆಕಾಶದಲ್ಲಿರುವ ಭಾರವಾದ ವಸ್ತುವನ್ನು ಅದು ತನ್ನ ಶಕ್ತಿಯಿಂದ ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ; ಹಾಗೆ ಸೆಳೆಯಲ್ಪಟ್ಟುದು ಬೀಳುತ್ತಿರುವಂತೆ ತೋರುತ್ತದೆ; ಸುತ್ತಲೂ ಸಮವಾಗಿರುವ ಆಕಾಶದಲ್ಲಿ ಭೂಮಿಯು ತಾನು ಎಲ್ಲಿಗೆ ಬೀಳಬೇಕು? ಇದನ್ನು ಅದರ ಸಂದರ್ಭದಲ್ಲಿಟ್ಟು ನೋಡಬೇಕು. ಭೂಮಿಗೆ ಆಧಾರವೊಂದು ಬೇಕೆನ್ನುವ ಪೌರಾಣಿಕ ಮತವನ್ನೂ, ಭೂಮಿಯು ನಿರಂತರವಾಗಿ ಕೆಳಗೆ ಬೀಳುತ್ತಿದೆಯೆಂದು ಬೌದ್ಧರದೆಂದು ಹೇಳಲಾದ ಮತವನ್ನೂ ಭಾಸ್ಕರನು ಈ ಭಾಗದಲ್ಲಿ ಖಂಡಿಸುತ್ತಿದ್ದಾನೆ. ಆಧಾರಕ್ಕೊಂದು ಆಧಾರ, ಅದಕ್ಕೊಂದು ಆಧಾರವೆಂದು ಹೋದರೆ ಅನವಸ್ಥೆ. ಕೊನೆಯದೊಂದು ತನ್ನ ಶಕ್ತಿಯಿಂದಲೇ ನಿಲ್ಲುವುದಾದರೆ ಮೊದಲನೆಯದಾದ ಭೂಮಿಯೇ ಏಕೆ ಹಾಗೆ ನಿಲ್ಲಬಾರದು? ಆಕರ್ಷಣಶಕ್ತಿಯ ಮಾತು ಬರುವುದು ಈ ವಾದದ ಒಂದು ಮೆಟ್ಟಿಲಾಗಿ. ಕಲ್ಲಿನ ಪತನವನ್ನು ವಿವರಿಸುವುದು ಆಚಾರ್ಯನ ಗುರಿಯಲ್ಲ, ಭೂಮಿಯ ಪತನವನ್ನು ನಿರಾಕರಿಸುವುದು ಗುರಿ.

ಆದರೂ ಈ ಮೆಟ್ಟಿಲು ಸಾಮಾನ್ಯವಾದುದಲ್ಲ. ಅರಿಸ್ಟಾಟಲನ ಮತದಲ್ಲಿ ಭಾರವಾದುದು ತನ್ನ ಸ್ವಭಾವದಿಂದಲೇ ವಿಶ್ವದ ಕೇಂದ್ರವನ್ನು ಅರಸಿ ಹೋಗುತ್ತದೆ; ಕರ್ತೃ ಕಲ್ಲೇ. ಭಾಸ್ಕರನ ವಾಕ್ಯದಲ್ಲಿ ಕರ್ತೃ ಭೂಮಿ, ಕಲ್ಲು ಕರ್ಮ. ಮತ್ತೂ ಸೂಕ್ಷ್ಮವಾದುದೆಂದರೆ 'ಬೀಳುತ್ತದೆ' ಎನ್ನದೆ 'ಬೀಳುವಂತೆ ತೋರುತ್ತದೆ' ಎಂದಿರುವುದು. ಬೀಳುವಿಕೆಯೆಂಬುದು ತೋರಿಕೆ, ಸೆಳೆತವೆಂಬುದೇ ನಡೆಯುತ್ತಿರುವ ಸಂಗತಿ. 'ಕೆಳಗೆ' ಎಂಬ ದಿಕ್ಕಿಗೆ ಸ್ವತಂತ್ರವಾದ ಅಸ್ತಿತ್ವವಿಲ್ಲ, ಭೂಮಿಯ ಕಡೆಯೇ ಕೆಳಗು ಎಂಬ ತಿಳಿವು ಆ ಒಂದು ಅವ್ಯಯದಲ್ಲಿ ಅಡಗಿದೆ. ಭಾಸ್ಕರನಿಗಿಂತ ಐದು ಶತಮಾನಗಳಷ್ಟು ಹಿಂದಿನ ಬ್ರಹ್ಮಗುಪ್ತನಲ್ಲಿಯೂ, ನೀರಿಗೆ ಹರಿಯುವಿಕೆ ಹೇಗೋ ಹಾಗೆ ಭೂಮಿಗೆ ಸೆಳೆಯುವಿಕೆ ಸ್ವಭಾವವೆಂಬ ಮಾತಿದ್ದುದನ್ನು ಅಲ್‌ಬಿರೂನಿಯು ಬರೆದಿಟ್ಟಿದ್ದಾನೆ. ಆದುದರಿಂದ ಭಾಸ್ಕರನು ಪ್ರಥಮನೆಂಬ ಹೊಗಳಿಕೆ ಭಾರತದೊಳಗೂ ಸಲ್ಲದು. ಮಾತು ಕೈಕೊಡಹುವಂಥದೆಂಬ ತೆಗಳಿಕೆಯೂ ಸಲ್ಲದು.

ಹಾಗಾದರೆ ಕೊರತೆ ಎಲ್ಲಿ? ಶ್ಲೋಕದಲ್ಲಿ ಶಕ್ತಿಯುಂಟು, ಅದರ ಅಳತೆಯಿಲ್ಲ. ನ್ಯೂಟನ್ನನ ನಿಯಮವು 'ಆಕರ್ಷಣೆಯುಂಟು' ಎಂಬ ಹೇಳಿಕೆಯಲ್ಲ. ಎಷ್ಟು ಎಂಬ ಪ್ರಶ್ನೆಗೆ ಉತ್ತರ. ಎರಡು ವಸ್ತುಗಳ ದ್ರವ್ಯರಾಶಿಗಳ ಗುಣಲಬ್ಧ ಹೆಚ್ಚಿದಷ್ಟೂ ಸೆಳೆತ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ದೂರ ಇಮ್ಮಡಿಯಾದರೆ ಸೆಳೆತ ನಾಲ್ಕನೆಯ ಒಂದು, ಮುಮ್ಮಡಿಯಾದರೆ ಒಂಬತ್ತನೆಯ ಒಂದು ಭಾಗವಾಗುತ್ತದೆ.

ಇದನ್ನು ಹೇಳುವ ಭಾಷೆ ಭಾಸ್ಕರನಿಗೆ ಇರಲಿಲ್ಲವೇ ಎಂದು ಕೇಳಿದರೆ, ಧಾರಾಳವಾಗಿ ಇತ್ತು. ಒಂದು ಹೆಚ್ಚಿದಂತೆ ಇನ್ನೊಂದು ಕುಗ್ಗುವ ಲೆಕ್ಕಕ್ಕೆ 'ಲೀಲಾವತಿ'ಯಲ್ಲಿ ವ್ಯಸ್ತತ್ರೈರಾಶಿಕವೆಂಬ ವಿಧಿಯೇ ಇದೆ. ಚಿನ್ನದ ಬಣ್ಣಕ್ಕೂ ತೂಕಕ್ಕೂ ಇರುವ ಸಂಬಂಧ ಅದರ ಉದಾಹರಣೆಗಳಲ್ಲಿ ಒಂದು. ವರ್ಗದ ಗಣಿತ ಅವನಿಗೆ ಕರತಲಾಮಲಕ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿಯೂ ಈ ವಿಧಿಗಳಿದ್ದುವು. 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ದಲ್ಲಿ ತ್ರೈರಾಶಿಕವನ್ನು ಕನ್ನಡಕ್ಕೇ ತಂದಿದ್ದನು. ಅಷ್ಟೇ ಅಲ್ಲ. ಭೂಮಿಯ ವ್ಯಾಸ 1,581 ಯೋಜನಗಳೆಂದೂ ಚಂದ್ರನ ಮಧ್ಯಮ ದೂರ 51,566 ಯೋಜನಗಳೆಂದೂ ಸಿದ್ಧಾಂತಶಿರೋಮಣಿ ಕೊಡುತ್ತದೆ. ಭಾಗಿಸಿ ನೋಡಿದರೆ ಚಂದ್ರನು ಭೂಮಿಯ ಕೇಂದ್ರದಿಂದ 65 ಭೂತ್ರಿಜ್ಯಗಳ ದೂರದಲ್ಲಿದ್ದಾನೆಂದಾಗುತ್ತದೆ. ಇಂದಿನ ಅಳತೆ 60. ಹನ್ನೆರಡನೆಯ ಶತಮಾನದ ಲೆಕ್ಕಕ್ಕೆ ಇದು ಸಣ್ಣ ಮಾತಲ್ಲ.

ವ್ಯಸ್ತತ್ರೈರಾಶಿಕ, ವರ್ಗ, ಚಂದ್ರನ ದೂರ ಮೂರೂ ಒಂದೇ ಗ್ರಂಥಕಾರನ ಕೈಯಲ್ಲಿದ್ದುವು. ಇವು ಏಕೆ ಒಂದಾಗಲಿಲ್ಲ? ಕಾರಣ ಗಣಿತದ್ದಲ್ಲ. ಒಂದು ಸೆಳೆತವು ದೂರದೊಡನೆ ಕುಗ್ಗುತ್ತದೆಯೇ ಎಂದು ಕೇಳಬೇಕಾದರೆ ಎರಡು ಬೇರೆ ದೂರಗಳಲ್ಲಿ ಅದನ್ನು ನೋಡಬೇಕು. ನೆಲದ ಮೇಲಿನ ಕಲ್ಲುಗಳೆಲ್ಲ ಭೂಕೇಂದ್ರದಿಂದ ಸುಮಾರು ಒಂದೇ ದೂರದಲ್ಲಿವೆ, ಅಂದರೆ 6,371 ಕಿಲೋಮೀಟರು. ಗೌರೀಶಂಕರದ ಸಾಲಿನ ಅತ್ಯುನ್ನತ ಶಿಖರವನ್ನೇರಿ, ಕೇವಲ ಎತ್ತರವೊಂದನ್ನೇ ಲೆಕ್ಕಕ್ಕೆ ಹಿಡಿದರೂ, ಸೆಳೆತ ಕುಗ್ಗುವುದು ಸಾವಿರಕ್ಕೆ ಮೂರರಷ್ಟು ಮಾತ್ರ. ಅಂದಿನ ಯಾವ ಉಪಕರಣಕ್ಕೂ ಇದು ಸಿಕ್ಕುವಂತಿರಲಿಲ್ಲ. ದೂರದಲ್ಲಿ ತೂಗಿಬಿಟ್ಟ ಕಲ್ಲು ಒಂದೇ ಒಂದು, ಅದೇ ಚಂದ್ರ. ಆದರೆ ಸಿದ್ಧಾಂತಗ್ರಂಥಗಳಲ್ಲಿ ಗ್ರಹನಕ್ಷತ್ರಗಳನ್ನು ದಿನವೂ ತಿರುಗಿಸುವುದು ಪ್ರವಹವೆಂಬ ವಾಯು. ಅವುಗಳ ಗತಿಯ ಏರುಪೇರುಗಳಿಗೆ ಮಂದ-ಶೀಘ್ರ ಪರಿಧಿಗಳ ಗಣಿತವುಂಟು. ಭೂಮಿಯ ಆಕರ್ಷಣಶಕ್ತಿಯ ಅಧಿಕಾರ ಅಲ್ಲಿಯವರೆಗೆ ಹೋಗುವುದಿಲ್ಲ. ಆಕಾಶದಲ್ಲಿರುವ ಭಾರವಾದ ವಸ್ತುವೆಂಬ ಮಾತಿನೊಳಗೆ ಚಂದ್ರನೂ ಸೇರುತ್ತಾನೆಯೇ ಎಂದು ಆಚಾರ್ಯನು ತನ್ನನ್ನು ಕೇಳಿಕೊಳ್ಳಲಿಲ್ಲ.

ನ್ಯೂಟನ್ನನು ಕೇಳಿಕೊಂಡನು. ಚಂದ್ರನು 60 ಪಟ್ಟು ದೂರದಲ್ಲಿದ್ದರೆ, ಮತ್ತು ಸೆಳೆತವು ದೂರದ ವರ್ಗಕ್ಕೆ ವಿಲೋಮವಾದರೆ, ಚಂದ್ರನ ಮೇಲಿನ ಸೆಳೆತ ಇಲ್ಲಿಯದರ 3,600ನೆಯ ಒಂದು ಭಾಗವಾಗಬೇಕು. ನೆಲದ ಬಳಿ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರು ಬೀಳುತ್ತದೆ. ಚಂದ್ರನು ನೇರವಾದ ದಾರಿಯನ್ನು ಬಿಟ್ಟು ಭೂಮಿಯ ಕಡೆಗೆ ಬಾಗುವುದನ್ನು ಲೆಕ್ಕಹಾಕಿದರೆ ಒಂದು ಮಿನಿಟಿಗೆ ಹೆಚ್ಚುಕಡಿಮೆ ಅದೇ 4.9 ಮೀಟರು ಬರುತ್ತದೆ. 60 ಸೆಕೆಂಡಿನಲ್ಲಿ ಪತನದ ದೂರ 60ರ ವರ್ಗದಷ್ಟು ಹೆಚ್ಚುವುದರಿಂದ ಸೆಳೆತ 3,600ನೆಯ ಒಂದು ಎಂಬುದು ಸಿದ್ಧವಾಗುತ್ತದೆ. ಭಾಸ್ಕರನ 65ನ್ನು ಹಿಡಿದಿದ್ದರೆ ನಿಯಮವು 4,225ನೆಯ ಒಂದು ಭಾಗವನ್ನು ನಿರೀಕ್ಷಿಸುತ್ತಿತ್ತು. ಲೆಕ್ಕ ಸ್ವಲ್ಪ ತಪ್ಪುತ್ತಿತ್ತು, ಪ್ರಶ್ನೆ ತಪ್ಪುತ್ತಿರಲಿಲ್ಲ. ತೋಟದಲ್ಲಿ ಬಿದ್ದ ಸೇಬಿನ ಕತೆಯನ್ನು ಹೇಳುವವರು ಚಂದ್ರನ ಈ ಲೆಕ್ಕವನ್ನು ಬಿಟ್ಟುಬಿಡುವುದರಿಂದಲೇ ಭಾಸ್ಕರನ ಕಲ್ಲಿಗೂ ನ್ಯೂಟನ್ನನ ಹಣ್ಣಿಗೂ ಭೇದ ಕಾಣದೆ ಹೋಗುತ್ತದೆ.

ಇನ್ನು ಪದದ ವಿಚಾರ. 'ಗುರು' ಎಂಬುದು ಕನ್ನಡದ ಓದುಗನಿಗೆ ಛಂದಸ್ಸಿನಿಂದಲೇ ಪರಿಚಿತ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಗುರುತ್ವವೆಂಬುದು ವೈಶೇಷಿಕದರ್ಶನದ ಪರಿಭಾಷೆ. ವಸ್ತುವಿನ ಮೊದಲ ಪತನಕ್ಕೆ ಕಾರಣವಾದ ಗುಣ, ಕಣ್ಣಿಗೆ ಕಾಣದೆ ಪತನದಿಂದ ಊಹಿಸಬೇಕಾದುದು. ಅದು ಪೃಥ್ವಿ ಮತ್ತು ಜಲಗಳಲ್ಲಿ ಮಾತ್ರ ಇರುತ್ತದೆ, ತೇಜಸ್ಸಿಗೂ ವಾಯುವಿಗೂ ಇಲ್ಲ. (ಒಂದು ಘನ ಮೀಟರು ಗಾಳಿ 1.2 ಕಿಲೋಗ್ರಾಮಿನಷ್ಟು ತೂಗುತ್ತದೆಂಬುದನ್ನು ಕಣಾದನ ಅನುಯಾಯಿಗಳು ಒಪ್ಪುತ್ತಿದ್ದರೋ ಇಲ್ಲವೋ.) ಹೀಗೆ ಗುರುತ್ವ ಬೀಳುವ ವಸ್ತುವಿನ ಗುಣ, ಆಕರ್ಷಣೆ ಎಳೆಯುವ ಭೂಮಿಯ ವ್ಯಾಪಾರ. 'ಗುರುತ್ವಾಕರ್ಷಣೆ' ಎಂದು ಇವೆರಡನ್ನೂ ಸಮಾಸಮಾಡಿದಾಗ ಎರಡು ದರ್ಶನಗಳನ್ನು ಬೆಸೆದಂತಾಯಿತು. ಪಂಡಿತರು ಇದನ್ನು ಸಂಕರವೆಂದು ಆಕ್ಷೇಪಿಸಬಹುದು. ಆದರೆ ಬಿಡಿಬಿಡಿಯಾದ ಎರಡು ಪದಗಳಿಗಿಂತ ಈ ಸಮಾಸವೇ ನಿಯಮಕ್ಕೆ ಹತ್ತಿರವಾಗಿದೆ. ಸೆಳೆತಕ್ಕೆ ಎರಡು ಕಡೆಯೂ ಬೇಕು. ಪದದಲ್ಲಿ ಎರಡು ಕಡೆಯೂ ಇದೆ.

ತಪ್ಪು ಇರುವುದು ಪದದಲ್ಲಲ್ಲ, ಪದದ ಸುತ್ತಣ ಗದ್ಯದಲ್ಲಿ. 'ಭೂಮಿಯು ವಸ್ತುಗಳನ್ನು ತನ್ನೆಡೆಗೆ ಎಳೆಯುವ ಶಕ್ತಿಯೇ ಗುರುತ್ವಾಕರ್ಷಣೆ' ಎಂಬ ಬಗೆಯ ವಾಕ್ಯ ಕನ್ನಡದ ಜನಪ್ರಿಯ ಬರೆವಣಿಗೆಯಲ್ಲಿ ರೂಢವಾಗಿದೆ. ಇದು ಭಾಸ್ಕರನ ವಾಕ್ಯವೇ ಹೊರತು ನ್ಯೂಟನ್ನನದಲ್ಲ. ಭೂಮಿ ಯಜಮಾನ, ಕಲ್ಲು ಆಳು. ಕಲ್ಲೂ ಭೂಮಿಯನ್ನು ಅಷ್ಟೇ ಬಲದಿಂದ ಎಳೆಯುತ್ತದೆ, ದ್ರವ್ಯರಾಶಿ ಅಪಾರವಾದುದರಿಂದ ಭೂಮಿ ಕದಲಿದುದು ತಿಳಿಯುವುದಿಲ್ಲ ಎಂಬ ಇನ್ನರ್ಧ ವಾಕ್ಯ ಬರದಿದ್ದರೆ ದ್ರವ್ಯರಾಶಿಗೆ ನಿಯಮದಲ್ಲಿ ಸ್ಥಾನವೇ ಇರುವುದಿಲ್ಲ.

ಈ ಇನ್ನರ್ಧವನ್ನು ತೋರಿಸಲು ದೂರದ ಉದಾಹರಣೆ ಬೇಕಾಗಿಲ್ಲ. ಅಂಧೇರಿಯ ಪಶ್ಚಿಮ ಭಾಗದಲ್ಲಿ, ಮನೆಗಳ ಸಾಲಿನ ನಡುವೆ, ಗಿಲ್ಬರ್ಟ್ ಗುಡ್ಡವೆಂಬ ಕಗ್ಗಲ್ಲಿನ ಕಂಬರಾಶಿಯೊಂದು ನಿಂತಿದೆ. ಎತ್ತರ ಸುಮಾರು 61 ಮೀಟರು. ದಖ್ಖನದ ಲಾವಾ ಹರಿದ ಕಾಲದ್ದು, ಅಂದರೆ ಆರೂವರೆ ಕೋಟಿ ವರ್ಷಗಳಷ್ಟು ಹಳೆಯದು. ನೆತ್ತಿಯ ಮೇಲೆ ದೇವಿಯ ಗುಡಿ. ಲೆಕ್ಕದ ಅನುಕೂಲಕ್ಕಾಗಿ ಅದರ ಅಡ್ಡಳತೆಯನ್ನು 100 ಮೀಟರೆಂದು ಇಟ್ಟುಕೊಂಡರೆ ಗುಡ್ಡದ ದ್ರವ್ಯರಾಶಿ ಹದಿಮೂರು ಹದಿನಾಲ್ಕು ಲಕ್ಷ ಟನ್ನು. ಗುಡ್ಡದ ನಡುವಿನಿಂದ 100 ಮೀಟರು ದೂರದಲ್ಲಿ ಗಾರೆಯವನೊಬ್ಬನು ಒಂದು ಮೀಟರಿನ ತೂಕದ ನೂಲನ್ನು ಇಳಿಬಿಟ್ಟರೆ, ಗುಡ್ಡವು ಆ ಗುಂಡನ್ನು ತನ್ನ ಕಡೆಗೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಸರಿಸುತ್ತದೆ. 200 ಮೀಟರಿಗೆ ಹೋದರೆ ಅದರ ನಾಲ್ಕನೆಯ ಒಂದು ಭಾಗ. ಗಾರೆಯವನ ಗೋಡೆಗೆ ಇದರಿಂದ ಬಾಧೆಯಿಲ್ಲ. ಆದರೆ 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಪರ್ವತದ ಎರಡು ಪಕ್ಕಗಳಲ್ಲಿ ಮಾಸ್ಕಲಿನ್ ಎಂಬ ಖಗೋಲಜ್ಞನು ಇಂಥದೇ ನೂಲಿನ ಓಲುವಿಕೆಯನ್ನು ಅಳೆದನು. ಎರಡೂ ಪಕ್ಕಗಳದು ಕೂಡಿ ಸುಮಾರು 11.6 ವಿಕಲೆ. ಅಷ್ಟರಿಂದಲೇ ಭೂಮಿಯ ಸಾಂದ್ರತೆಯ ಮೊದಲ ಅಂದಾಜು ಹೊರಟಿತು. 1798ರಲ್ಲಿ ಕ್ಯಾವೆಂಡಿಶ್ ಪರ್ವತವನ್ನು ಬಿಟ್ಟು ಸೀಸದ ಗುಂಡುಗಳನ್ನು ತೆಗೆದುಕೊಂಡು, ಭೂಮಿಯು ನೀರಿಗಿಂತ 5.48 ಪಟ್ಟು ಸಾಂದ್ರವೆಂದು ಕಂಡನು. ಇಂದಿನ ಬೆಲೆ 5.51.

ಭಾರತದಲ್ಲಿಯೂ ಇದು ಕೇವಲ ಕುತೂಹಲದ ವಿಷಯವಾಗಿರಲಿಲ್ಲ. ತ್ರಿಕೋನಮಾಪನದವರು ಉತ್ತರಭಾರತದ ಕಲಿಯಾಣ ಮತ್ತು ಕಲಿಯಾಣಪುರಗಳ ನಡುವಣ ಅಂತರವನ್ನು ನೆಲದಲ್ಲಿಯೂ ನಕ್ಷತ್ರಗಳಿಂದಲೂ ಅಳೆದಾಗ 5.236 ವಿಕಲೆಗಳ ವ್ಯತ್ಯಾಸ ಬಂದಿತು. ಹಿಮಾಲಯವು ನೂಲನ್ನು ಎಳೆದಿರಬೇಕೆಂದು 1855ರಲ್ಲಿ ಪ್ರಾಟ್ ಎಂಬ ಪಾದ್ರಿ ಲೆಕ್ಕ ಹಾಕಿದರೆ ಉತ್ತರ 15.885 ವಿಕಲೆ. ಪರ್ವತವು ಕಣ್ಣಿಗೆ ಕಾಣುವಷ್ಟು ಎಳೆಯುತ್ತಿರಲಿಲ್ಲ. ಪರ್ವತದ ಬೇರಿನಲ್ಲಿ ಹಗುರವಾದ ಶಿಲೆಯಿದೆಯೆಂಬ ಭೂವಿಜ್ಞಾನದ ದೊಡ್ಡ ಸಿದ್ಧಾಂತ ಹುಟ್ಟಿದುದು ಈ ಹತ್ತು ವಿಕಲೆಗಳ ಕೊರತೆಯಿಂದ. ಅಳತೆಯಿಲ್ಲದ ಶಕ್ತಿಯು ಇಂಥ ಫಲವನ್ನು ಕೊಡಲಾರದು.

ದ್ರವ್ಯರಾಶಿಯೆಂಬ ಪದದ ಮೇಲೆ ಒಂದು ಆಕ್ಷೇಪವುಂಟು. ತೆಲುಗಿನಲ್ಲಿಯೂ ಇದೇ ಪದ. ಹಿಂದಿಯಲ್ಲಿ ದ್ರವ್ಯಮಾನ, ಮರಾಠಿಯಲ್ಲಿ ವಸ್ತುಮಾನ. ಮುಂಬಯಿಯ ಕನ್ನಡ ಮಾಧ್ಯಮದ ಮಗುವಿನ ಕಿವಿಗೆ ಇವುಗಳಲ್ಲಿ ಮೂರಾದರೂ ಬೀಳುತ್ತವೆ. 'ಮಾನ'ವು ಅಳತೆಯನ್ನು ಹೇಳುತ್ತದೆ. 'ರಾಶಿ'ಯೆಂದೊಡನೆ ಕನ್ನಡಿಗನಿಗೆ ಕಣದಲ್ಲಿ ಒಟ್ಟಿದ ಜೋಳ ನೆನಪಾಗುತ್ತದೆ, ಇಲ್ಲವೆ ಮೇಷ ವೃಷಭಗಳು. ರಾಶಿ ದೊಡ್ಡದಾದರೆ ಗಾತ್ರ ದೊಡ್ಡದು. ಹತ್ತಿಯ ರಾಶಿ ಕಬ್ಬಿಣದ ರಾಶಿಗಿಂತ ಎತ್ತರ. ದ್ರವ್ಯರಾಶಿ ಹಾಗಲ್ಲ. ಈ ದೃಷ್ಟಿಯಿಂದ ಮರಾಠಿಯ ಪದವೇ ಮೇಲು. ಆದರೆ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡ ಪದವನ್ನು ಈಗ ಕೀಳುವುದರಿಂದ ಲಾಭಕ್ಕಿಂತ ನಷ್ಟ ಹೆಚ್ಚು. ಅದನ್ನು ತೂಕದಿಂದ ಬೇರ್ಪಡಿಸುವ ಕೆಲಸವನ್ನು ಮಾತ್ರ ಗದ್ಯವು ಮಾಡಲೇಬೇಕು. ಚಿನ್ನದ ಮೇಲೆ ಸಾಲ ಕೊಡುವ ಬ್ಯಾಂಕಿನ ಮೇಜಿನ ಉದಾಹರಣೆ ಸಾಕು: ಎರಡು ತಟ್ಟೆಯ ತಕ್ಕಡಿಯಲ್ಲಿ ಬಳೆಯನ್ನೂ ಬೊಟ್ಟನ್ನೂ ಭೂಮಿಯು ಒಂದೇ ರೀತಿ ಎಳೆಯುವುದರಿಂದ ಅದು ಹೋಲಿಸುವುದು ದ್ರವ್ಯರಾಶಿಯನ್ನು, ಸ್ಪ್ರಿಂಗಿನ ತೂಕದ ಯಂತ್ರ ತೋರಿಸುವುದು ಸೆಳೆತವನ್ನು. ಬಳೆಯನ್ನು ವಿಷುವದ್ರೇಖೆಯಿಂದ ಧ್ರುವಕ್ಕೆ ಒಯ್ದರೆ ಸ್ಪ್ರಿಂಗು ಇನ್ನೂರಕ್ಕೆ ಒಂದರಷ್ಟು ಹೆಚ್ಚು ತೋರಿಸುತ್ತದೆ. ತಕ್ಕಡಿಯ ಮುಳ್ಳು ಕದಲುವುದಿಲ್ಲ. ಚಿನ್ನದ ಒಡೆಯನಿಗೆ ಒಂದು ಕಾಸೂ ಹೆಚ್ಚು ಸಿಗುವುದಿಲ್ಲ.

ದ್ರವ್ಯರಾಶಿಯೊಂದನ್ನೇ ನೋಡಿ ದೂರವನ್ನು ಮರೆಯುವ ತಪ್ಪಿಗೆ ಗುರುಗ್ರಹ ಮದ್ದು. ದೇವತೆಗಳ ಆಚಾರ್ಯನೆಂದು ಬಂದ ಈ ಹೆಸರು ಅದರ ಭಾರಕ್ಕೂ ಆಕಸ್ಮಿಕವಾಗಿ ಒಪ್ಪುತ್ತದೆ. ಭೂಮಿಯ 318 ಪಟ್ಟು ದ್ರವ್ಯರಾಶಿ ಅದರದು. ಆದರೂ ಅದರ ಮೋಡಗಳ ಮೇಲ್ಮೈಯಲ್ಲಿ ಸೆಳೆತ ನಮ್ಮದರ ಎರಡೂವರೆ ಪಟ್ಟು ಮಾತ್ರ, ಏಕೆಂದರೆ ಅಲ್ಲಿಂದ ಕೇಂದ್ರಕ್ಕೆ ಇರುವ ದೂರ 11 ಪಟ್ಟು. ದೂರವೊಂದನ್ನೇ ನೋಡುವ ತಪ್ಪು ಇದಕ್ಕೆ ವಿರುದ್ಧವಾದುದು, ಪತ್ರಿಕೆಗಳಲ್ಲಿ ಹೆಚ್ಚು ಕಾಣುವುದೂ ಅದೇ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿಬಂದರು. ಅಂಥ ಸಂದರ್ಭಗಳಲ್ಲೆಲ್ಲ 'ಶೂನ್ಯಗುರುತ್ವ' ಎಂಬ ಪದ ಓಡಾಡುತ್ತದೆ. ನಿಲ್ದಾಣವಿರುವುದು ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ಮುಂಬಯಿಯಿಂದ ವಿಜಯಪುರಕ್ಕೆ ರಸ್ತೆಯಲ್ಲಿ ಹೋಗುವುದಕ್ಕಿಂತ ಕಡಿಮೆ. ಅಲ್ಲಿ ಭೂಮಿಯ ಸೆಳೆತ ಇಲ್ಲಿಯದರ ನೂರಕ್ಕೆ 88ರಷ್ಟು ಇದ್ದೇ ಇದೆ. ನಿಲ್ದಾಣವೂ ಅದರೊಳಗಿನವರೂ ಚಂದ್ರನಂತೆ ಒಟ್ಟಿಗೇ ಬೀಳುತ್ತಿರುವುದರಿಂದ ಭಾರ ತೋರುವುದಿಲ್ಲ. 'ಭಾರಹೀನತೆ' ಎಂದರೆ ಸಾಕು. ಗುರುತ್ವವನ್ನು ಶೂನ್ಯಮಾಡುವ ಅಧಿಕಾರ ಪತ್ರಕರ್ತರಿಗಿಲ್ಲ.

ದ್ರವ್ಯರಾಶಿ ಮತ್ತು ದೂರಗಳ ಪೈಪೋಟಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಂಧೇರಿಗೆ ಹೊಂದಿಕೊಂಡ ವೆಸಾವೆಯ ಸಮುದ್ರದಂಡೆಯಲ್ಲಿ. ಚಂದ್ರೋದಯಕ್ಕೆ ಕಡಲುಕ್ಕುವುದು ನಮ್ಮ ಕಾವ್ಯದ ಬಹು ಹಳೆಯ ಕವಿಸಮಯ; ಮಗನನ್ನು ಕಂಡು ತಂದೆ ಹಿಗ್ಗುವುದು. ಪೂರ್ಣಿಮೆಯ ಮಟ್ಟಿಗೆ ಕವಿಗಳ ನೋಟ ಸರಿಯಾದುದೇ. ಅಮಾವಾಸ್ಯೆಯಂದು, ಚಂದ್ರನು ಕಾಣದಿರುವಾಗಲೂ, ಕಡಲು ಅಷ್ಟೇ ಉಕ್ಕುವುದನ್ನು ಮಾತ್ರ ಈ ಕವಿಸಮಯ ಲಕ್ಷಿಸುವುದಿಲ್ಲ. ವೆಸಾವೆಯ ಕೋಳಿ ಮೀನುಗಾರರು ಎರಡನ್ನೂ ಒಂದೇ ಹೆಸರಿನಿಂದ 'ಉಧಾಣ'ವೆಂದು ಕರೆಯುತ್ತಾರೆ. ಅಷ್ಟಮಿಯ ಆಸುಪಾಸಿನ ಮಂದವಾದ ಭರತಕ್ಕೆ 'ಭಾಂಗ'.

ಕನ್ನಡದ ವಿವರಣೆಗಳು ಇಲ್ಲಿ ಎಡವುತ್ತವೆ. ಚಂದ್ರನು ಹತ್ತಿರವಿರುವುದರಿಂದ ಸೂರ್ಯನಿಗಿಂತ ಬಲವಾಗಿ ಎಳೆಯುತ್ತಾನೆ, ಅದರಿಂದ ಭರತ ಬರುತ್ತದೆ ಎಂದು ಬರೆಯುವುದುಂಟು. ಇದು ಸುಳ್ಳು. ಸೂರ್ಯನ ದ್ರವ್ಯರಾಶಿ ಚಂದ್ರನದರ ಎರಡು ಕೋಟಿ ಎಪ್ಪತ್ತು ಲಕ್ಷ ಪಟ್ಟು, ದೂರ 390 ಪಟ್ಟು. 390ರ ವರ್ಗದಿಂದ ಭಾಗಿಸಿದರೆ ಸೂರ್ಯನ ಸೆಳೆತವೇ ಚಂದ್ರನದರ ಸುಮಾರು 178 ಪಟ್ಟು ಎಂದಾಗುತ್ತದೆ. ಭರತವನ್ನು ಎಬ್ಬಿಸುವುದು ಸೆಳೆತವಲ್ಲ, ಭೂಮಿಯ ಹತ್ತಿರದ ಮಗ್ಗುಲಿಗೂ ದೂರದ ಮಗ್ಗುಲಿಗೂ ಸೆಳೆತದಲ್ಲಿ ಬೀಳುವ ವ್ಯತ್ಯಾಸ. ಈ ವ್ಯತ್ಯಾಸವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. 178ನ್ನು ಇನ್ನೊಮ್ಮೆ 390ರಿಂದ ಭಾಗಿಸಿದರೆ 0.46, ಚಂದ್ರನದು 100 ಆದರೆ ಸೂರ್ಯನದು 46. ಅಮಾವಾಸ್ಯೆ ಪೂರ್ಣಿಮೆಗಳಲ್ಲಿ ಇಬ್ಬರೂ ಒಂದೇ ರೇಖೆಯಲ್ಲಿದ್ದು 146, ಅಷ್ಟಮಿಯಲ್ಲಿ ಅಡ್ಡವಾಗಿದ್ದು 54. ಚಂದ್ರನ ಕಡೆಯ ನೀರು ಭೂಮಿಗಿಂತ ಹೆಚ್ಚು ಸೆಳೆಯಲ್ಪಡುತ್ತದೆ, ಆಚೆಯ ನೀರು ಭೂಮಿಗಿಂತ ಕಡಿಮೆ ಸೆಳೆಯಲ್ಪಟ್ಟು ಹಿಂದೆ ಉಳಿಯುತ್ತದೆ. ದಿನಕ್ಕೆ ಎರಡು ಭರತಗಳು ಬರುವುದು ಇದರಿಂದ. 'ಚಂದ್ರನು ನೀರನ್ನು ಎಳೆಯುತ್ತಾನೆ' ಎಂದಷ್ಟೇ ಹೇಳುವ ಗದ್ಯಕ್ಕೆ ಎರಡನೆಯ ಭರತವನ್ನು ವಿವರಿಸುವ ದಾರಿಯೇ ಇಲ್ಲ.

ನಿಯಮವು ಎಲ್ಲವನ್ನೂ ಹೇಳುತ್ತದೆಂದೂ ಅಲ್ಲ. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಬಂದು ಅಂಧೇರಿಯಲ್ಲಿ ನೆಲೆಸಿದ ಕನ್ನಡಿಗನಿಗೆ ಇಲ್ಲಿಯ ಭರತ-ಇಳಿತಗಳ ಅಂತರ ಊರಿನದಕ್ಕಿಂತ ಬಹಳ ಹೆಚ್ಚೆಂಬುದು ಕಣ್ಣಿಗೇ ಕಾಣುತ್ತದೆ. ಚಂದ್ರನು ಒಬ್ಬನೇ, ದೂರವೂ ಒಂದೇ. ವ್ಯತ್ಯಾಸವೆಲ್ಲ ತೀರದ ತಗ್ಗುಪಾತಳಿಯ ಅಗಲದಿಂದಲೂ ಉತ್ತರಕ್ಕೆ ಖಂಬಾಯತದ ಕಡೆಗೆ ಕಡಲು ಇಕ್ಕಟ್ಟಾಗುತ್ತ ಹೋಗುವುದರಿಂದಲೂ ಬಂದುದು. ಆದುದರಿಂದಲೇ ಮುಂಬಯಿಯ ಅಪೋಲೊ ಬಂದರದಲ್ಲಿ 1878ರಿಂದ ಭರತಮಾಪಕವನ್ನಿಟ್ಟು ಅಳೆಯಬೇಕಾಯಿತು. ಬಂದರಿನ ಭರತದ ಪಟ್ಟಿಗಳನ್ನು ಸಿದ್ಧಪಡಿಸುವುದು ನಿಯಮದ ಸೂತ್ರವೊಂದರಿಂದಲ್ಲ, ಸೂತ್ರವನ್ನೂ ಆ ಬಂದರಿನ ದಾಖಲೆಯನ್ನೂ ಕೂಡಿಸಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದ ಮಧ್ಯಾಹ್ನವೇ ದೊಡ್ಡ ಭರತವೂ ಬಂದು, ಮಿಠಿ ನದಿಯ ನೀರು ಕಡಲಿಗೆ ಇಳಿಯಲಾರದೆ ಹೋಯಿತು. ಮಳೆಯನ್ನು ಆ ಪ್ರಮಾಣದಲ್ಲಿ ಯಾರೂ ಮುಂಗಾಣಲಿಲ್ಲ. ಭರತದ ವೇಳೆಯೂ ಎತ್ತರವೂ ಅಚ್ಚಾದ ಪಟ್ಟಿಯಲ್ಲಿ ಮೊದಲೇ ಇದ್ದುವು.